ಕಾವು

ನೋಟೀಸಿನ ಕೊನೆಗೊಂದು ಪಟ್ಟಿ ಇತ್ತು.
ಫಲ ಬರುವ ತೆಂಗು, ಒಂದಕ್ಕೆ ಇಷ್ಟು.
ಮಲ್ಲಿಗೆ, ಬುಡದ ಲೆಕ್ಕ.
ಬಾವಿ: ಕಲ್ಲು ಕಟ್ಟಿದ್ದು, ಕಟ್ಟದ್ದು.
ತನಿಯಾರು ದೊಡ್ಡಮ್ಮ ಕಾಗದಕ್ಕೆ ಬೆರಳಿಟ್ಟಳು:
"ಇದರಲ್ಲಿ ಬೀಳು ಎಲ್ಲುಂಟು, ಓದು."
ಮೇಲಿಂದ ಕೆಳಗೆ ಓದಿದೆ, ಮತ್ತೆ ಕೆಳಗಿಂದ ಮೇಲೆ.
ಇರಲಿಲ್ಲ.

ಮುಂಡೊಟ್ಟು ಹಾಡಿಯ ಆ ಬೀಳಲ್ಲೇ
ನನ್ನ ಪಿಯುಸಿ ಫೀಸು, ಅಣ್ಣನ ಇನ್ಹೇಲರು,
ದೊಡ್ಡಮ್ಮನ ಹತ್ತೂ ಬೆರಳು.
ಕೊಯ್ಯುವಾಗ ಮೂರು ಗಂಟು ಬಿಡಬೇಕು,
ಎಳೆಯದನ್ನು ಮುಟ್ಟಬಾರದು.
ಯಾವ ಇಲಾಖೆಯೂ ಬರೆದುಕೊಟ್ಟ ನಿಯಮವಲ್ಲ ಇದು.

ಕಡಲಿಂದ ಕಲ್ಲಿದ್ದಲು ಹೊರುವ ಹೊಸ ಬೆಲ್ಟು
ಹಾಡಿಯ ನಡುಬೆನ್ನಿನ ಮೇಲೇ ಹೋಗುತ್ತದಂತೆ.
ಮೊದಲ ಚಿಮಣಿ ಎದ್ದಾಗ ನಾನು ತೊಟ್ಟಿಲಲ್ಲಿದ್ದೆ.
ಈಗಲೂ ಬೆಳಿಗ್ಗೆ ಬಾವಿನೀರಿಗೆ ಕೆನೆ ಕಟ್ಟಿರುತ್ತದೆ,
ಒಣಹಾಕಿದ ಯೂನಿಫಾರ್ಮಿನ ಕಾಲರು
ಉಡುವ ಮೊದಲೇ ಕಪ್ಪು.

ಆ ರಾತ್ರಿ ದೊಡ್ಡಮ್ಮ ಹೇಳದ್ದನ್ನು ಹೇಳಿದಳು.
ಗುತ್ತಿನ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ
ಅವರ ಕೂದಲು, ಅವರ ಉಗುರು ಅನ್ನಕ್ಕೆ ಕಲಸಿ
ಅವಳ ಅಪ್ಪನ ಮುಂದೆ ಇಡುತ್ತಿದ್ದರಂತೆ.
ತಿಂದರೆ ಅವರ ರೋಗ ಇವನದ್ದು.
ತಿಂದು ಬಂದವನು ಮಕ್ಕಳ ಮುಖ ನೋಡದೆ
ಗೋಡೆ ಕಡೆ ತಿರುಗಿ ಮಲಗುತ್ತಿದ್ದನಂತೆ.
"ಅಜಲು ಈಗ ಕಾನೂನಿನಲ್ಲಿ ಇಲ್ಲ, ನಿಂತಿದೆ" ಅಂದೆ,
ಪುಸ್ತಕ ಓದಿದವಳು.
"ಹೌದು ಮಗಾ. ಬೂದಿ ಮಾತ್ರ
ಕಾನೂನು ಪ್ರಕಾರವೇ ಬರುವುದು."

ಗುರ್ಬ ಮಾವ ಅತ್ತದ್ದು ನಾನು ನೋಡಿದ್ದು ಅದೇ ಮೊದಲು,
ಕುಡಿಯದೆ.
ಒಬ್ಬರು ಶುರು ಮಾಡಿದರೆ ಇನ್ನೊಬ್ಬರು,
ಯಾರ್ಯಾರದ್ದೋ ಅಪ್ಪ, ಯಾರ್ಯಾರದ್ದೋ ಅನ್ನ.
ಬೆಳಕು ಹರಿಯುವಾಗ ಮಾವ ಕತ್ತಿ ತೆಗೆದುಕೊಂಡು
ಹಾಡಿಗೆ ಹೋಗಿದ್ದ. ನಾಲ್ಕು ವರ್ಷದ ಮೇಲೆ.

ಹಳದಿ ಬಳಿದ ಸರ್ವೆ ಕಲ್ಲು ನಲವತ್ತಮೂರು.
ನಲವತ್ತಮೂರು ಕುಕ್ಕೆ ಹೆಣೆದೆವು, ಕೋಳಿ ಮುಚ್ಚುವಂಥದ್ದು,
ಒಂದೊಂದು ಕಲ್ಲಿಗೆ ಒಂದೊಂದು ಕವುಚಿದೆವು.
ಒಳಗೆ ಒಣಹುಲ್ಲು, ಮೊಟ್ಟೆ, ಕಾವಿಗೆ ಕೂತ ಹೇಂಟೆ.
ಹೇಂಟೆ ಇದ್ದದ್ದು ಹನ್ನೊಂದೇ.
ಉಳಿದವಕ್ಕೆ ಬರೀ ಕುಕ್ಕೆ, ನೋಡುವವರಿಗೆ ಗೊತ್ತಾಗುವುದಿಲ್ಲ.

ಸಂಜೆ ಸಂಕಮ್ಮ ಶೆಡ್ತಿ ಎರಡು ಹೇಂಟೆ ತಂದಳು.
ಅವಳ ಮಲ್ಲಿಗೆ ಮೊಗ್ಗಿನ ಮೂಗು ಕಪ್ಪಾಗಿ
ಕಟ್ಟೆಯ ವ್ಯಾಪಾರಿ ಚೆಂಡು ಚೆಂಡೇ ವಾಪಸು ಕಳಿಸಿದ್ದನಂತೆ.
ಅಂಗಳದ ಅಂಚಿಗೆ ಒಂದು ಗಳಿಗೆ ನಿಂತಳು.
ಆಮೇಲೆ ಒಳಗೆ ಬಂದಳು, ಕೂತಳು, ಚಾ ಕುಡಿದಳು.
ಹೋಗುವ ಮೊದಲು ಲೋಟ ತೊಳೆದು ಕವುಚಿಟ್ಟಳು.
ಯಾಕೆ ತೊಳೆದಳು ಅಂತ ನಾನು ಕೇಳಲಿಲ್ಲ.
"ಇರಲಿ," ಅಂದಳು ದೊಡ್ಡಮ್ಮ, "ಲೋಟ ಚೊಕ್ಕ ಉಂಟಲ್ಲ."

ಸರ್ವೆಯವನು ಬಂದು ಮೊದಲ ಕುಕ್ಕೆ ಎತ್ತಿದ.
ಚುಕ್ಕಿ ಹೇಂಟೆ ಮಣಿಕಟ್ಟಿಗೆ ಕುಕ್ಕಿತು.
"ಎಂತ ಇದು ಮಾರಾಯ್ರೆ?"
"ಕಾವು, ಸಾರ್. ಇಪ್ಪತ್ತೊಂದು ದಿನ."
ಬಾರ್ಕೂರಿನ ಹುಡುಗ. ಅವನ ತಾಯಿಯೂ ಕೋಳಿ ಸಾಕುವವಳು.
ಕುಕ್ಕೆಯನ್ನು ಇದ್ದ ಹಾಗೆಯೇ ಇಟ್ಟ,
ಕೈ ಉಜ್ಜಿಕೊಳ್ಳುತ್ತ ಏನೋ ಬರೆದುಕೊಂಡು ಹೋದ.
ಮಾರನೇ ದಿನ ಬಂದದ್ದು ಜೀಪು.
ಐದು ಕುಕ್ಕೆ ಚಕ್ರದಡಿಗೆ. ಮೊಟ್ಟೆ ಎಷ್ಟೆಂದು ಎಣಿಸಲಿಲ್ಲ.
ಎಣಿಸದೆ, ಅದೇ ರಾತ್ರಿ ಐದು ಹೆಣೆದೆವು.

ಮಣಿಪಾಲದ ಆಫೀಸಿನಲ್ಲಿ ದೊಡ್ಡಮ್ಮನ ಸರದಿ ಬಂದಾಗ
"ಬೀಳನ್ನು ಯಾವ ಕಾಲಮಿಗೆ ಹಾಕುವುದಮ್ಮ?" ಎಂದರು ಸಾಹೇಬರು.
ಪ್ರಾಮಾಣಿಕವಾಗಿಯೇ ಕೇಳಿದರು, ಪೆನ್ನು ಹಿಡಿದು.
ಇವಳಿಗೂ ಗೊತ್ತಿರಲಿಲ್ಲ.
ವಿಚಾರಣೆ ಮುಂದಿನ ತಿಂಗಳಿಗೆ ಹೋಯಿತು.

ಇವತ್ತು ನಮ್ಮ ಭೂಮಿ ಹಬ್ಬ.
ಹಾಡಿಯ ಬದಿಗೆ ಸಾಲಾಗಿ ಕೂತಿದ್ದೇವೆ,
ಕಾಲ ಸಂದಿಯಲ್ಲಿ ಚಿಂವ್ ಚಿಂವ್, ಹೊಸ ಮರಿಗಳು.
ದೊಡ್ಡಮ್ಮ ಮೊದಲ ತುತ್ತನ್ನು ಬಿಸಿಲಿಗೆ ಹಿಡಿದು ನೋಡುತ್ತಾಳೆ,
ಹಳೆಯ ಅಭ್ಯಾಸ.
ಕೂದಲಿಲ್ಲ. ಉಗುರಿಲ್ಲ.
ಬೂದಿ, ಸ್ವಲ್ಪ.
ಊದಿ ನನ್ನ ಎಲೆಗೆ ಹಾಕುತ್ತಾಳೆ:
"ಉಣ್ಣು. ಇದು ನಮ್ಮದು."